ಕೊಲೆಸ್ಟ್ರಾಲ್ ಏರಿದ ಇಲಿಗಳಿಗೆ ವಿಟಮಿನ್ ಇ ಕೊಟ್ಟು ನೋಡಿದೆ

ಕೊಲೆಸ್ಟ್ರಾಲ್ ಏರಿದರೆ ಗಂಡು ಇಲಿಯ ವೀರ್ಯಾಣು ಕೆಡುತ್ತದೆಯೇ, ವಿಟಮಿನ್ ಇ ಅದನ್ನು ತಡೆಯುತ್ತದೆಯೇ ಅಂತ ನೋಡಲು ಹೊರಟಿದ್ದೆ. ಇಲಿಗೆ ಕೊಲೆಸ್ಟ್ರಾಲ್ ಏರಿಸುವುದೇ ಮೊದಲ ತಲೆನೋವು. ಮೊಲವಾದರೆ ಮೇವಿಗೆ ಕೊಲೆಸ್ಟ್ರಾಲ್ ಬೆರೆಸಿದರೆ ಸಾಕು, ರಕ್ತದಲ್ಲಿ ಸರಸರ ಏರುತ್ತದೆ. ಇಲಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ತಿಂದದ್ದರಲ್ಲಿ ಬಹುಪಾಲನ್ನು ಅದರ ಲಿವರ್ ಪಿತ್ತದ ಆಮ್ಲವಾಗಿ ಮಾಡಿ ಸಾಗಹಾಕುತ್ತದೆ. ಅದಕ್ಕೇ ಮೇವಿಗೆ ಕೊಲೆಸ್ಟ್ರಾಲ್ ಜೊತೆ ಸ್ವಲ್ಪ ಕೋಲಿಕ್ ಆಮ್ಲವನ್ನೂ ಸೇರಿಸಿದೆ. ಅದೂ ಒಂದು ಪಿತ್ತದ ಆಮ್ಲವೇ, ಹೊರಗಿನಿಂದ ಸಿಕ್ಕರೆ ಲಿವರ್ ತಾನು ಮಾಡುವುದನ್ನು ಕಡಿಮೆ ಮಾಡುತ್ತದೆ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದ ಮೇಲೆ ನಾಲ್ಕು ಗುಂಪು ಮಾಡಿದೆ: ಮಾಮೂಲಿ ಮೇವು, ಮಾಮೂಲಿ ಮೇವು ಮತ್ತು ವಿಟಮಿನ್ ಇ, ಕೊಲೆಸ್ಟ್ರಾಲ್ ಮೇವು, ಕೊಲೆಸ್ಟ್ರಾಲ್ ಮೇವು ಮತ್ತು ವಿಟಮಿನ್ ಇ. ವಿಟಮಿನ್ ಎಣ್ಣೆಯಲ್ಲಿ ಕರಗುವಂಥದ್ದು. ಹಾಗಾಗಿ ವಿಟಮಿನ್ ಇಲ್ಲದ ಗುಂಪುಗಳಿಗೂ ಅಷ್ಟೇ ಎಣ್ಣೆ ಕುಡಿಸಿದೆ. ಎಣ್ಣೆಯೂ ಕೊಬ್ಬೇ ಅಲ್ವಾ?

ಅವಸರ ಮಾಡುವ ಹಾಗಿಲ್ಲ. ಇಲಿಯ ವೃಷಣದಲ್ಲಿ ವೀರ್ಯಾಣು ತಯಾರಾಗಲು ಸುಮಾರು 52 ದಿನ ಬೇಕು. ಆಮೇಲೆ ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡಿರುವ, ವೀರ್ಯಾಣು ಬಲಿಯುವ ಸುರುಳಿ ನಾಳ) ದಾಟಲು ವಾರಕ್ಕಿಂತ ಜಾಸ್ತಿ. ಎರಡು ವಾರ ಔಷಧ ಕೊಟ್ಟು ಎಣಿಸಿದರೆ ಸಿಗುವುದು ಮೊದಲೇ ಹುಟ್ಟಲು ಶುರುವಾಗಿದ್ದ ವೀರ್ಯಾಣು. ಅದಕ್ಕೇ ಎರಡು ತಿಂಗಳು ದಾಟುವವರೆಗೂ ಕಾದೆ.

ನನಗೆ ಇಷ್ಟದ ಕೆಲಸ ಆಮೇಲಿನದ್ದು. ಎಪಿಡಿಡಿಮಿಸ್‌ನ ಬಾಲದ ತುದಿಯನ್ನು 37 ಡಿಗ್ರಿ ಸೆಲ್ಸಿಯಸ್‌ನ ದ್ರಾವಣದಲ್ಲಿ ಕತ್ತರಿಸಿದರೆ ಹಾಲಿನಂಥ ಎಳೆ ಹೊರಬಂದು ಹರಡುತ್ತದೆ. ಒಂದು ಹನಿ ಸ್ಲೈಡಿಗೆ ಹಾಕಿದರೆ ಕೊಕ್ಕೆಯಂಥ ತಲೆಯ ವೀರ್ಯಾಣುಗಳು ಕಾಣುತ್ತವೆ. ಸ್ಲೈಡು ಬೆಚ್ಚಗಿರಲೇಬೇಕು. ತಣ್ಣಗಾದರೆ ಚೆನ್ನಾಗಿರುವವೂ ಮಂಕಾಗುತ್ತವೆ, ನಾವು ಅದನ್ನು ಕೊಲೆಸ್ಟ್ರಾಲ್ ತಲೆಗೆ ಕಟ್ಟುತ್ತೇವೆ. ಯಾವ ಸ್ಲೈಡು ಯಾವ ಗುಂಪಿನದು ಅಂತ ಎಣಿಸುವವರಿಗೆ ಹೇಳಲಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಕೊಲೆಸ್ಟ್ರಾಲ್ ಮೇವು ತಿಂದವುಗಳಲ್ಲಿ ಓಡಾಡುವ ವೀರ್ಯಾಣು ಕಡಿಮೆ ಇದ್ದವು. ವಿಟಮಿನ್ ಇ ಸಿಕ್ಕವು ಪರವಾಗಿಲ್ಲ ಎನ್ನುವಂತಿದ್ದವು. ಆದರೆ ಅವುಗಳ ರಕ್ತದ ಕೊಲೆಸ್ಟ್ರಾಲ್ ಹೆಚ್ಚೇನೂ ಇಳಿದಿರಲಿಲ್ಲ! ಇಳಿದದ್ದು ವೃಷಣದಲ್ಲಿನ ಎಂಡಿಎ, ಅಂದರೆ ಕೊಬ್ಬು ಆಕ್ಸಿಡೀಕರಣಗೊಂಡು ಕೆಟ್ಟಾಗ ಹುಟ್ಟುವ ವಸ್ತು. ವೀರ್ಯಾಣುವಿನ ಹೊರಪದರದಲ್ಲಿ ಬೇಗ ಕೆಡುವ ಕೊಬ್ಬು ಜಾಸ್ತಿ. ವಿಟಮಿನ್ ಅದನ್ನು ಕಾದಿರಬೇಕು ಅಂತ ನನ್ನ ಲೆಕ್ಕ. ರಕ್ತ ಒಂದನ್ನೇ ನೋಡಿದ್ದರೆ "ಉಪಯೋಗವಿಲ್ಲ" ಅಂತ ಬರೆದುಬಿಡುತ್ತಿದ್ದೆ, ವೀರ್ಯಾಣು ಒಂದನ್ನೇ ನೋಡಿದ್ದರೆ "ಕೊಲೆಸ್ಟ್ರಾಲ್ ವಾಸಿಯಾಯಿತು" ಅಂತ.

"ಹಾಗಾದರೆ ನಾವೂ ಮಾತ್ರೆ ತಗೊಳ್ಳೋಣವಾ?" ಅಂತ ಕೇಳುವವರಿದ್ದಾರೆ. ಇಲಿಯಿಂದ ಮನುಷ್ಯನಿಗೆ ಹಾಗೆ ಸುಮ್ನೆ ಜಿಗಿಯಲು ಆಗುವುದಿಲ್ಲ. ವಿಟಮಿನ್ ಸಿ ನೋಡಿ, ಇಲಿ ಅದನ್ನು ತನ್ನ ಮೈಯಲ್ಲೇ ಮಾಡಿಕೊಳ್ಳುತ್ತದೆ, ನಮಗೆ ಅದು ಊಟದಿಂದಲೇ ಬರಬೇಕು. ಇನ್ನೊಂದು, ಗಂಡು ಇಲಿಯ ವೀರ್ಯಾಣು ಗಣನೀಯವಾಗಿ ಕಡಿಮೆಯಾದರೂ ಮರಿ ಹುಟ್ಟುವುದು ನಿಲ್ಲದೇ ಇರಬಹುದು. ಅದಕ್ಕೇ ಈಗ ಹೆಣ್ಣಿಲಿಗಳ ಜೊತೆ ಬಿಟ್ಟು, ಎಷ್ಟು ಗರ್ಭ ನಿಂತಿತು ಅಂತಲೂ ಎಣಿಸುತ್ತಿದ್ದೇನೆ.