ಅಂಗಡಿಯ ಗಾಜನ್ನೇ ಪರದೆಯಾಗಿಸಲು
ಬಳ್ಳಾರಿಯ ಬೆಂಗಳೂರು ರಸ್ತೆಯಂಥ ಕಡೆ ಗಾಜಿನ ಮುಂಭಾಗದ ಅಂಗಡಿ ಇರುವವರು, ಗಾಜಿನ ಒಳಮೈಗೆ ಸೋಪಿನ ನೀರು ಸಿಂಪಡಿಸಿ ಹಾಲುಬಣ್ಣದ ಮಬ್ಬು ಫಿಲ್ಮ್ ಅಂಟಿಸಿ, ಗುಳ್ಳೆ ಉಳಿಯದಂತೆ ನಡುವಿನಿಂದ ಅಂಚಿಗೆ ಒತ್ತಿ ಒರೆಸಿ, ಒಳಗಿನಿಂದ ಪ್ರೊಜೆಕ್ಟರ್ ಹಾಯಿಸಿದರೆ ಬೀದಿಯಲ್ಲಿ ನಿಂತವರಿಗೆ ಚಿತ್ರ ಚೆನ್ನಾಗಿ ಕಾಣುತ್ತದೆ. ಬರಿಯ ಗಾಜು ಬೆಳಕನ್ನು ನೇರವಾಗಿ ದಾಟಿಸಿಬಿಡುತ್ತದೆ. ಫಿಲ್ಮಿನ ಮಬ್ಬು ಪದರ ಅದನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದಲೇ ಚಿತ್ರ ಅಲ್ಲಿ ನಿಲ್ಲುತ್ತದೆ. ಅಕ್ಷರಗಳು ತಿರುವುಮುರುವಾಗದಂತೆ ಪ್ರೊಜೆಕ್ಟರಿನ ಸೆಟ್ಟಿಂಗಿನಲ್ಲಿ ‘ರಿಯರ್’ (ಪರದೆಯ ಹಿಂದಿನಿಂದ ಹಾಯಿಸುವ ಬಗೆ) ಆಯ್ದುಕೊಳ್ಳಬೇಕು. ಫಿಲ್ಮ್ ತೀರಾ ತೆಳುವಾಗಿದ್ದರೆ ಲೆನ್ಸಿನ ಬೆಳಕು ಚುಕ್ಕೆಯಾಗಿ ನೋಡುವವರ ಕಣ್ಣಿಗೆ ಹೊಡೆಯುತ್ತದೆ. ಆಗ ಯಂತ್ರವನ್ನು ನೆಲದ ಹತ್ತಿರವಿಟ್ಟು ಮೇಲ್ಮುಖವಾಗಿ ತಿರುಗಿಸುವುದು ಒಳ್ಳೆಯದು. ನಮ್ಮ ಊರಿನ ಬಿಸಿಲಿನಲ್ಲಿ ಹಗಲು ಹೊತ್ತು ಇದು ಖಂಡಿತ ನಡೆಯದು, ಕತ್ತಲಾದ ಮೇಲೆಯೇ ಸರಿ. ಫಿಲ್ಮ್ ಕೊಳ್ಳುವ ಮೊದಲು ಟ್ರೇಸಿಂಗ್ ಪೇಪರಿನ ಒಂದು ಹಾಳೆ ಅಂಟಿಸಿ ಪರೀಕ್ಷಿಸಿ ನೋಡಿ.