ಟೂ ಟೂ ರೈಫಲ್‌ಗೆ ಯಾವ ತೋಟಾ? ಒಳಗೆ ಹೋಯಿತು ಅಂದರೆ ಸಾಲದು

ಮೈಸೂರಿನ ಹೊರಗಿನ ರೇಂಜ್‌ಗೆ ಮಂಡ್ಯ ಕಡೆಯವರೊಬ್ಬರು ಅವರಪ್ಪನ ಕಾಲದ ರೈಫಲ್ ತಂದಿದ್ದರು. 'ಲೈಸೆನ್ಸ್‌ನಲ್ಲಿ ಪಾಯಿಂಟ್ ಟೂ ಟೂ ಅಂತಿದೆ ಸಾರ್, ತೋಟಾನೂ ಟೂ ಟೂನೇ' ಅಂದರು. ತೋಟಾ ಚೇಂಬರ್‌ಗೆ, ಅಂದರೆ ನಳಿಗೆ ಬುಡದಲ್ಲಿ ಅದು ಕೂರುವ ಗೂಡಿಗೆ, ಸಲೀಸಾಗಿ ಇಳಿಯಿತು. ತೀರಾ ಸಲೀಸಾಗಿ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಇನ್ನೂ ತೆರೆದೇ ಇತ್ತು, ಬೆರಳು ತಾಗಿಸಿದರೆ ಒಳಗೆ ಲೊಡಲೊಡ ಅಲ್ಲಾಡುತ್ತಿತ್ತು. ತೆಗೆಯಿರಿ ಮೊದಲು ಅಂದೆ. ಬ್ಯಾರಲ್ ಬುಡದ ಎಣ್ಣೆಜಿಡ್ಡು ಒರೆಸಿ ನೋಡಿದರೆ .22 ಡಬ್ಲ್ಯೂಎಂಆರ್ ಅಂತ ಕೊರೆದಿತ್ತು. ಅಂದರೆ ವಿಂಚೆಸ್ಟರ್ ಮ್ಯಾಗ್ನಮ್ ರಿಮ್‌ಫೈರ್, ಅದು ಮ್ಯಾಗ್ನಮ್ ರೈಫಲ್. ಅವರ ಕೈಯಲ್ಲಿದ್ದದ್ದು ಲಾಂಗ್ ರೈಫಲ್ ತೋಟಾ.

ಈ ತಪ್ಪನ್ನು ನಾನು ನೋಡಿದ್ದು ಇದೇ ಮೊದಲಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ರಿಮ್‌ಫೈರ್ ಅಂದರೆ ಏನು ಅಂತ ನೋಡೋಣ. ತೋಟಾದ ತಳದ ನಡುವೆ ಬೇರೆ ಪ್ರೈಮರ್ ಇರುವುದಿಲ್ಲ. ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೇ ಸುತ್ತ ತುಂಬಿರುತ್ತದೆ, ಪಿನ್ ಆ ಅಂಚನ್ನು ಜಜ್ಜಿದರೆ ಹಾರುತ್ತದೆ. ಇಷ್ಟೇ.

ಎರಡನೆಯದು, ಬ್ಯಾರಲ್ ಮೇಲಿನ ಬರಹ ಓದುವುದು. ಎಡವುವುದೆಲ್ಲ ಇಲ್ಲೇ. ಲೈಸೆನ್ಸ್ ಪುಸ್ತಕದಲ್ಲಿ ಬರೀ .22 ಅಂತ ಇದ್ದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಟೂ ಟೂ ಅಂದರೆ ಇಂಚಿನಲ್ಲಿ ಗುಂಡಿನ ಅಗಲ ಅಷ್ಟೇ, ಅದು ಮನೆತನದ ಹೆಸರಿದ್ದ ಹಾಗೆ, ಒಳಗೆ ಅಣ್ಣತಮ್ಮಂದಿರು ಬೇರೆ ಬೇರೆ. 1857ರ ಶಾರ್ಟ್, ಆಮೇಲೆ ಬಂದ ಲಾಂಗ್, 1887ರ ಲಾಂಗ್ ರೈಫಲ್ ಅಂದರೆ ಎಲ್‌ಆರ್, ಮೂರರ ದಪ್ಪವೂ ಒಂದೇ. 1959ರಲ್ಲಿ ಬಂದ ಮ್ಯಾಗ್ನಮ್ ಮಾತ್ರ ದಪ್ಪ, ಉದ್ದ ಎರಡರಲ್ಲೂ ಜಾಸ್ತಿ. ಎಲ್‌ಆರ್ ತೋಟಾದ ಕೇಸ್, ಅಂದರೆ ಹಿತ್ತಾಳೆ ಕವಚ, ಸುಮಾರು 5.7 ಮಿ.ಮೀ. ದಪ್ಪ, ಮ್ಯಾಗ್ನಮ್ 6.1. ಅರ್ಧ ಮಿಲಿಮೀಟರ್ ಕೂಡ ಇಲ್ವಲ್ಲ ಅನಿಸಬಹುದು. ಆದರೆ ಹಿತ್ತಾಳೆ ಕೇಸ್ ಗಾಳಿಯಾಡದ ಹಾಗೆ ಬಿಗಿಯಾಗಿ ಕೂರುವುದೇ ಚೇಂಬರ್ ಗೋಡೆಯ ಆಸರೆಯಿಂದ. ಆ ಆಸರೆ ದೂರ ಇದ್ದರೆ ಕೇಸ್ ಉಬ್ಬಿ ಉದ್ದಕ್ಕೆ ಸೀಳುತ್ತದೆ, ಬಿಸಿ ಗ್ಯಾಸ್ ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೆ ನುಗ್ಗುತ್ತದೆ. ಹಾಗೆ ಸೀಳಿದ ಕೇಸ್ ಒಂದು ನನ್ನ ಮೇಜಿನ ಡ್ರಾಯರ್‌ನಲ್ಲಿದೆ, ಬಾಯಿಂದ ಅರ್ಧದವರೆಗೆ ಒಣಗಿದ ಅವರೆಕಾಯಿ ಸಿಪ್ಪೆಯಂತೆ ಬಿರಿದಿದೆ. ಮ್ಯಾಗ್ನಮ್ ತೋಟಾ ಎಲ್‌ಆರ್ ಚೇಂಬರ್‌ಗೆ ಹೋಗುವುದೇ ಇಲ್ಲ, ಆ ಕಡೆಯಿಂದ ಭಯವಿಲ್ಲ.

ಇನ್ನೊಂದು ಕಿತಾಪತಿ .17 ಎಚ್‌ಎಂಆರ್, ಅಂದರೆ ಹಾರ್ನಡಿ ಮ್ಯಾಗ್ನಮ್ ರಿಮ್‌ಫೈರ್ ಅನ್ನುವ ತೋಟಾ. ಅದು ಮ್ಯಾಗ್ನಮ್ ಕೇಸಿನ ಕತ್ತು ಕಿರಿದು ಮಾಡಿ 2002ರಲ್ಲಿ ತಂದದ್ದು. ಹಾಗಾಗಿ ಮ್ಯಾಗ್ನಮ್ ಚೇಂಬರ್‌ಗೆ ಸುಮ್ನೆ ಇಳಿದುಬಿಡುತ್ತದೆ. ಹೊಡೆಯುವ ಹಾಗಿಲ್ಲ. .22 ಹಾರ್ನೆಟ್ ಅಂತ ಹೆಸರು ಕೇಳಿ ಮೋಸಹೋಗಬೇಡಿ, ಅದು ರಿಮ್‌ಫೈರೇ ಅಲ್ಲ. ಬರಹ ಸವೆದು ಕಾಣದಿದ್ದರೆ ಊಹೆ ಮಾಡಬೇಡಿ, ಗನ್‌ಸ್ಮಿತ್ ಹತ್ತಿರ ಚೇಂಬರ್ ಅಳೆಸಿ.

ಮೂರನೆಯದು, ಎಲ್‌ಆರ್ ರೈಫಲ್‌ಗೆ ಶಾರ್ಟ್ ಹಾಕಬಹುದಾ? ಬೋಲ್ಟ್ ರೈಫಲ್‌ನಲ್ಲಿ ಹಾಕಬಹುದು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಸಾಮಾನ್ಯವಾಗಿ ಮುಂದಿನ ತೋಟಾ ಎಳೆದುಕೊಳ್ಳಲು ಶಕ್ತಿ ಸಾಲುವುದಿಲ್ಲ. ನನ್ನನ್ನು ಕೇಳಿದರೆ ಬೋಲ್ಟ್‌ನಲ್ಲೂ ಬೇಡ. ಚಿಕ್ಕ ಕೇಸ್ ಮುಗಿಯುವ ಜಾಗದಲ್ಲಿ ಮಸಿ, ಸೀಸದ ಉಂಗುರ ಕಟ್ಟುತ್ತದೆ, ಆಮೇಲೆ ಎಲ್‌ಆರ್ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಸಿಸಿಐ ಕಂಪನಿಯ ಸ್ಟಿಂಗರ್ ತೋಟಾ ಥರದ್ದು ಎಲ್‌ಆರ್ ಹೆಸರಿನಲ್ಲೇ ಬಂದರೂ ಕೇಸ್ ಉದ್ದ, ಸ್ಪರ್ಧೆಯ ಬಿಗಿ ಚೇಂಬರ್‌ನ ರೈಫಲ್‌ಗೆ ಬೇಡವೇ ಬೇಡ.

ನಾಲ್ಕನೆಯದು ವೇಗ. 50 ಮೀಟರ್ ಕಾಗದಕ್ಕೆ ಹೊಡೆಯುವವರಿಗೆ ಸ್ಟ್ಯಾಂಡರ್ಡ್ ವೆಲಾಸಿಟಿಯೇ ಸಾಕು, ಸೆಕೆಂಡಿಗೆ ಸುಮಾರು 330 ಮೀಟರ್, ಹೆಚ್ಚುಕಮ್ಮಿ ಶಬ್ದದ ವೇಗದ ಕೆಳಗೆ. ಹೈ ವೆಲಾಸಿಟಿ ಅಂತ ಕುಣಿಯುವವರು ಕುಣಿಯಲಿ. ಒಂದೇ ಕಂಪನಿಯ ಎರಡು ಲಾಟ್, ಅಂದರೆ ಬೇರೆ ಬೇರೆ ಸಲ ತಯಾರಾದ ತೋಟಾಗಳು ಕೂಡ ನಿಮ್ಮ ಬ್ಯಾರಲ್‌ನಲ್ಲಿ ಬೇರೆ ಬೇರೆ ಥರ ಬೀಳಬಹುದು, ಐದೈದು ಗುಂಡು ಹೊಡೆದು ಕಾಗದದ ಮೇಲೆ ನೋಡಿ. ಕಬ್ಬಿನ ಗದ್ದೆ ಹಂದಿಗೆ ಯಾವುದು ಒಳ್ಳೇದು ಅಂತ ಕೇಳುವವರು ನನ್ನ ಹತ್ತಿರ ಬರಲೇಬೇಡಿ.

ಕೊನೆಯದಾಗಿ, ತೋಟಾ ಹಾರದಿದ್ದರೆ ನಳಿಗೆ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. 'ಟುಸ್' ಅಂತ ಮೆತ್ತಗೆ ಸದ್ದು ಬಂದರೆ ಇನ್ನೂ ಹುಷಾರು. ಗುಂಡು ನಳಿಗೆಯಲ್ಲೇ ನಿಂತಿರಬಹುದು, ಇನ್ನೊಂದು ಹೊಡೆದರೆ ಬ್ಯಾರಲ್ ಉಬ್ಬುತ್ತದೆ. ಖಾಲಿ ಮಾಡಿ, ಬೋಲ್ಟ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಮತ್ತೆ ದಯವಿಟ್ಟು ಉಳಿದ ತೋಟಾಗಳನ್ನು ಹಾರ್ಲಿಕ್ಸ್ ಬಾಟಲಿಗೆ ಸುರಿಯಬೇಡಿ, ಅವುಗಳ ಡಬ್ಬಿಯಲ್ಲೇ ಇರಲಿ. ಮಂಡ್ಯದವರ ಆ ಎಲ್‌ಆರ್ ತೋಟಾಗಳೂ ಹಾಗೇ ಒಂದು ಬಾಟಲಿಯಿಂದ ಬಂದಿದ್ದವು, ಮೇಲೆ ಏನೂ ಬರೆದಿರಲಿಲ್ಲ.