ಬ್ರಿಟನ್ ಪ್ರಧಾನಿಯ ಬುಧವಾರ ನೋಡಬೇಕೆ?

ಊರಿಂದ ಲಂಡನ್ನಿಗೆ ಬಂದವರಿಗೆ ನಾನು ಮೊದಲು ತೋರಿಸುವುದು ಅರಮನೆಯಲ್ಲ, ಸಂಸತ್ತಿನ ಬುಧವಾರ. ಮಂಗಳವಾರ ಬೆಳಿಗ್ಗೆಯ ಸಂಪುಟ ಸಭೆ, ವಾರಕ್ಕೊಮ್ಮೆ ದೊರೆಯ ಭೇಟಿ, ಎರಡೂ ಬಾಗಿಲು ಮುಚ್ಚಿಕೊಂಡೇ. ಬುಧವಾರ ಮಧ್ಯಾಹ್ನ 12ಕ್ಕೆ ಸಂಸದರು ಕೇಳಿ ಪ್ರಧಾನಿ ಉತ್ತರಿಸುವ ಪ್ರಶ್ನೋತ್ತರ ಮಾತ್ರ ಎಲ್ಲರ ಕಣ್ಣೆದುರು.

ಮೊದಲು ಅಧಿವೇಶನ ಇದೆಯೇ ನೋಡಿಕೊಳ್ಳಿ. ರಜೆಯ ವಾರದಲ್ಲಿ ಮಾವನವರನ್ನು ಕರೆದೊಯ್ದು ಬೈಸಿಕೊಂಡವಳು ನಾನು! ಇಲ್ಲೇ ನೆಲೆಸಿದ್ದರೆ ನಿಮ್ಮ ಕ್ಷೇತ್ರದ ಸಂಸದರಿಗೆ ಬಹಳ ಮುಂಚೆಯೇ ಬರೆದು ಟಿಕೆಟ್ ಕೇಳಿ, ದುಡ್ಡು ಕೊಡಬೇಕಿಲ್ಲ. ಟಿಕೆಟ್ ಇಲ್ಲದವರು ಸಾಲಿನಲ್ಲಿ ನಿಲ್ಲಬಹುದು, ಜಾಗ ಉಳಿದರಷ್ಟೇ ಒಳಗೆ.

ಕೂತ ಮೇಲೆ ಮೊದಲ ಪ್ರಶ್ನೆಗೆ ಕಿವಿಗೊಡಿ. ಪ್ರಧಾನಿಯ ಇವತ್ತಿನ ಕಾರ್ಯಕ್ರಮಗಳೇನು ಎಂಬುದೇ ಅದು. ಬೆಳಿಗ್ಗೆ ಸಚಿವರ ಜತೆ ಸಭೆ ಇತ್ತು, ಮುಂದೆಯೂ ಇದೆ ಎಂದು ಒಂದೇ ಉಸಿರಿನಲ್ಲಿ ಉತ್ತರ ಮುಗಿಯುತ್ತದೆ. ಅದೆಲ್ಲ ನೆಪ. ಅದರ ಬೆನ್ನಿಗೆ ಯಾವ ವಿಷಯ ಬೇಕಾದರೂ ಕೇಳಬಹುದು, ಜಗಳ ಶುರುವಾಗುವುದೇ ಆಗ. ವಿರೋಧ ಪಕ್ಷದ ನಾಯಕರಿಗೆ 6 ಪ್ರಶ್ನೆ. ಹಿಂದೆ ಮಂಗಳವಾರ, ಗುರುವಾರ ತಲಾ 15 ನಿಮಿಷ ಇತ್ತು. 1997ರಲ್ಲಿ ಆಗಿನ ಪ್ರಧಾನಿ ಟೋನಿ ಬ್ಲೇರ್ ಅದನ್ನು ಬುಧವಾರದ ಅರ್ಧ ಗಂಟೆ ಮಾಡಿದರು.

ಹೊರಬಂದು ಲ್ಯಾಂಬೆತ್ ಸೇತುವೆ ದಾಟಿ, ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಹತ್ತಿರ ಬುತ್ತಿ ಬಿಚ್ಚಿ. ಮಾವನವರಿಗೆ ಹಿಡಿಸಿದ್ದು ಅದೊಂದೇ.